ಬೇಡ ಅನ್ನುವ ಹಕ್ಕು

ಹೊರನಾಡಿನ ದೇವಿಯ ಗುಡಿಯಲ್ಲಿ ಊಟಕ್ಕೆ ಕೂರುವ ಮೊದಲು ಒಂದು ತಾಸು ಸೌತೆಕಾಯಿ ಹೆಚ್ಚಿದ ಭಕ್ತರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಅಲ್ಲಿ ಬಂದವರಿಗೆಲ್ಲ ಊಟವಿದೆ. ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯವರು ದರ್ಶನ ಮುಗಿಸಿ ಪಂಕ್ತಿ ಹುಡುಕಿಕೊಂಡು ಹೊರಟರೆ, ಜೊತೆಗೆ ಬಂದಿದ್ದ ಗುರುಶಾಂತಪ್ಪನವರು ಪಂಚೆ ಎತ್ತಿ ಕಟ್ಟಿ, ತರಕಾರಿ ಹೆಚ್ಚುತ್ತಿದ್ದ ಹೆಂಗಸರ ನಡುವೆ ಹೋಗಿ "ನನಗೂ ಒಂದು ಈಳಿಗೆಮಣೆ ಕೊಡ್ರವ್ವ" ಎಂದು ಕೂತೇಬಿಟ್ಟರು. ಅಮ್ಮನಿಗೆ ನಾಚಿಕೆಯಾಗಿ ಹೋಯಿತು. "ದೇವರ ಪ್ರಸಾದಕ್ಕೂ ಕೂಲಿ ಮಾಡ್ಬೇಕಾ ಅಣ್ಣ?" ಎಂದು ಕೇಳಿದರು. ಅವರು ಸೌತೆಕಾಯಿಯಿಂದ ತಲೆ ಎತ್ತಲಿಲ್ಲ. "ಕೊಡೋದು ಅವಳ ದೊಡ್ಡತನ, ಸರಿ. ತಗೊಳ್ಳೋನಿಗೂ ಒಂಚೂರು ಮರ್ಯಾದೆ ಬೇಡ್ವೇನಮ್ಮ?" ಎಂದರು.

ಗುರುಶಾಂತಪ್ಪನವರದು ಗೋಣಿಬೀಡಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ದಿನಸಿ ಅಂಗಡಿ. ಮೂರು ತಲೆಮಾರಿನ ಲಿಂಗಾಯತ ವ್ಯಾಪಾರದ ಮನೆ. ಊರಾಚೆಯ ಇಳಿಜಾರಿನಲ್ಲಿ ಆರು ಎಕರೆ ಕಾಫಿ ತೋಟವೂ ಇತ್ತು. ಅದಕ್ಕೆ ತಾಗಿಕೊಂಡೇ ನಮ್ಮ ನಾಲ್ಕು ಎಕರೆ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ತರೀಕೆರೆಯಲ್ಲಿ ಸಂಸಾರ ಮಾಡಿಕೊಂಡಿದ್ದಳು. ಉದ್ದನೆಯ ಒಣಕಲು ಆಳು, ಹಣೆಯಲ್ಲಿ ವಿಭೂತಿ, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಮಾತಿಗೆ ಕೂತರೆ ಆ ಕನ್ನಡಕ ಕಣ್ಣಿಗಿಂತ ಹೆಚ್ಚಾಗಿ ಕೈಯಲ್ಲಿರುತ್ತಿತ್ತು. ಎದುರಿನವರು ಸೋಲುವ ತನಕ ಅದನ್ನು ಗಾಳಿಯಲ್ಲಿ ಆಡಿಸುತ್ತಿದ್ದರು.

ವ್ಯಾಪಾರಿಯಾಗಿ ಅವರಷ್ಟು ವಿಚಿತ್ರದವರು ಇರಲಿಕ್ಕಿಲ್ಲ. ತಕ್ಕಡಿಯ ಮುಖ ಗಿರಾಕಿಯ ಕಡೆಗೆ, ಬೆನ್ನು ತಮ್ಮ ಕಡೆಗೆ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹೆಂಗಸರು ಬೇಳೆ ಕೇಳಿದರೆ, ಬೆರಳು ತೋರಿಸಿ, "ಎದುರಂಗಡಿ, ಎದುರಂಗಡಿ. ಅಲ್ಲಿ ಕಮ್ಮಿ. ಅಲ್ಲಿ ನೋಡಿ ಬಾ, ಬೇಡ ಅನಿಸಿದ್ರೆ ಇಲ್ಲಿಗೆ ಬಾ" ಎನ್ನುತ್ತಿದ್ದರು. ಆ ಹೆಂಗಸರು ಭಾಷೆ ಅರ್ಥವಾಗದೆ ಈ ಮುದುಕ ಓಡಿಸುತ್ತಿದ್ದಾನೆಂದುಕೊಂಡು ಪೆಚ್ಚಾಗಿ ಹೋಗುತ್ತಿದ್ದರು. ನಾನು ನಕ್ಕರೆ ಗುರುಶಾಂತಪ್ಪನವರಿಗೆ ಸಿಟ್ಟು. "ಮಾರ್ಕೆಟ್ ಅಂದ್ರೆ ಎಂತ ಅಂದ್ಕೊಂಡಿದೀಯ ಮಾರಾಯ್ತಿ? ಕೊಳ್ಳೋದಲ್ಲ, ಮಾರೋದಲ್ಲ. ಬೇಡ ಅನ್ನೋ ಹಕ್ಕು. ನಿನಗೆ ಬೇಡ ಅನಿಸಿದಾಗ ಬೇಡ ಅಂದು ಎದ್ದು ಹೋಗೋಕೆ ಆಗ್ಬೇಕು. ಅದಿಲ್ಲ ಅಂದ್ರೆ ಅದು ಸಂತೆಯಲ್ಲ, ಜೈಲು."

ಈ ವೇದಾಂತ ಅವರಿಗೆ ಅಂಟಿಕೊಂಡದ್ದು ಒಂದು ಚೆಕ್‌ಪೋಸ್ಟಿನಲ್ಲಿ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಒಂದು ಕಾಲಕ್ಕೆ ನಮ್ಮ ಕಡೆ ಬೆಳೆದ ಕಾಫಿಯೆಲ್ಲ ಕಾನೂನಿನ ಪ್ರಕಾರ ಸರ್ಕಾರ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಪೂಲಿಗೇ ಹೋಗಬೇಕಿತ್ತು. ಮನೆಖರ್ಚಿಗೆಂದು ಇಷ್ಟೇ ಇಟ್ಟುಕೊಳ್ಳಬೇಕೆಂಬ ಲೆಕ್ಕವಿತ್ತು. ಗುರುಶಾಂತಪ್ಪನವರು ಆಗಷ್ಟೇ ಮೀಸೆ ಬಂದಿದ್ದ ಯುವಕ. ಅಕ್ಕನ ಮಗುವಿನ ನಾಮಕರಣಕ್ಕೆ ಕಡೂರಿಗೆ ಹೊರಟವರು ಒಂದು ಚೀಲ ಕಾಫಿ ಬೀಜ ಹೊತ್ತುಕೊಂಡು ಬಸ್ಸು ಹತ್ತಿದ್ದರು. ಚೆಕ್‌ಪೋಸ್ಟಿನವರು ದಾರಿಯಲ್ಲಿ ಇಳಿಸಿದರು. ಚೀಲ ಕಿತ್ತುಕೊಂಡರು. ಸಂಜೆ ತನಕ ಬೆಂಚಿನ ಮೇಲೆ ಕಳ್ಳನ ಹಾಗೆ ಕೂರಿಸಿದರು. ನಾಮಕರಣ ಮುಗಿದ ಮೇಲೆ ಬರಿಗೈಯಲ್ಲಿ ಅಕ್ಕನ ಮನೆ ಸೇರಿದರಂತೆ. "ಗಿಡ ನಂದು. ಬೆವರು ನಂದು. ಅಕ್ಕ ನನ್ನಕ್ಕ. ನಡುವೆ ಇವನ್ಯಾರು ಮಾರಾಯ್ತಿ?" ಇಷ್ಟು ವರ್ಷದ ಮೇಲೂ ಇದನ್ನು ಹೇಳುವಾಗ ಅವರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಪೂಲ್ ಹೋಗಿ ಬೆಳೆಗಾರ ತನಗೆ ಬೇಕಾದವರಿಗೆ ಮಾರಬಹುದೆಂದಾದಾಗ ಅವರು ಊರಿಗೆಲ್ಲ ಹೋಳಿಗೆ ಹಂಚಿದ್ದರೆಂದು ಅಪ್ಪ ಹೇಳುತ್ತಿದ್ದರು.

ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕವೊಂದು ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುತ್ತಿತ್ತು. ರಟ್ಟೂ ಇಲ್ಲ, ಮೊದಲ ಹಾಳೆಗಳೂ ಇಲ್ಲ. ಬರೆದವರು ಯಾರೆಂದು ಅವರಿಗೂ ತಿಳಿಯದು. ಸ್ವಾತಂತ್ರ್ಯ, ವ್ಯಾಪಾರ, ರಾಜ್ಯದ ಮಿತಿ ಇವುಗಳ ಬಗ್ಗೆ ಅದರಲ್ಲಿದ್ದದ್ದನ್ನು ಡಿಕ್ಷನರಿ ಹಿಡಿದು ಓದಿ, ಉಪ್ಪಿನಕಾಯಿ ಹಾಗೆ ದಿನಕ್ಕೊಂದಿಷ್ಟು ನೆಂಜಿಕೊಳ್ಳುತ್ತಿದ್ದರು. ನಾನು ಮೂಡಿಗೆರೆ ಕಾಲೇಜಿನಲ್ಲಿ ಬಿಎಗೆ ಸೇರಿ ರಾಜ್ಯಶಾಸ್ತ್ರ ತೆಗೆದುಕೊಂಡೆನಲ್ಲ, ಅವರಿಗೆ ಹಬ್ಬವಾಯಿತು. ಬಸ್ಸು ಬರುವ ತನಕ ಅಂಗಡಿಯ ಮುಂದಿನ ಬೆಂಚಿನಲ್ಲಿ ನನಗೂ ಅವರಿಗೂ ಜಟಾಪಟಿ. ನಾನು ಸರ್ಕಾರದ ಕಡೆ. ಶಾಲೆ ಯಾರು ಕಟ್ಟಿಸಿದ್ದು, ಪಡಿತರದ ಅಕ್ಕಿ ಯಾರು ಕೊಟ್ಟದ್ದು, ಕೂಲಿಯವರಿಗೆ ಇಷ್ಟು ಕೊಡಲೇಬೇಕೆಂದು ಹೇಳಿದವರು ಯಾರು ಎಂದು ನಾನು. ಕೊಟ್ಟ ಕೈಯೇ ಕುತ್ತಿಗೆ ಹಿಡಿಯುತ್ತದೆ ಎಂದು ಅವರು.

ಒಂದು ದಿನ ನಾನು ಅವರ ಮಾತಿನಿಂದಲೇ ಅವರನ್ನು ಹಿಡಿದೆ. "ಬೇಡ ಅನ್ನೋ ಹಕ್ಕು ಅಂತೀರಲ್ಲ, ಹಸಿದವನು ಬೇಡ ಅನ್ನೋಕಾಗುತ್ತಾ? ಕೂಲಿಯವರ ಲೈನ್ ಮನೇಲಿ ಮಕ್ಕಳು ಅಳ್ತಿರುವಾಗ ಕೂಲಿ ಕಮ್ಮಿಯಾಯ್ತು, ನಾನು ಬರಲ್ಲ ಅಂತ ಹೇಳ್ತಾನಾ?" ಕನ್ನಡಕ ಗಾಳಿಯಲ್ಲೇ ನಿಂತಿತು. ಎರಡು ದಿನ ಅವರು ಬೆಂಚಿನ ಹತ್ತಿರವೇ ಸುಳಿಯಲಿಲ್ಲ, ಒಳಗೇ ಕೂತು ಸಕ್ಕರೆ ಕಟ್ಟುತ್ತಿದ್ದರು. ಮೂರನೆಯ ದಿನ ನಾನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ರಸ್ತೆ ದಾಟಿ ಓಡಿ ಬಂದರು. "ಹಸಿದವನಿಗೆ ಬೇಡ ಅನ್ನೋಕಾಗಲ್ಲ. ಒಪ್ಪಿದೆ. ನೀನು ಗೆದ್ದೆ. ಆದ್ರೆ ಅವನಿಗೆ ಸರ್ಕಾರಕ್ಕೂ ಬೇಡ ಅನ್ನೋಕಾಗಲ್ವಲ್ಲ! ಅದಕ್ಕೆಂತ ಹೇಳ್ತೀಯ? ನಾಳೆ ಹೇಳು!" ಕಂಡಕ್ಟರ್ ಸೀಟಿ ಊದಿದ. ಆ ನಾಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಎಂಎ ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ಅದನ್ನೇ ಪ್ರಶ್ನೆ ಮಾಡಿ ಮಕ್ಕಳಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ವಿಪರೀತ ಮಳೆಗೆ ಕಾಯಿ ಉದುರಿ ಬೆಳೆಗಾರರೆಲ್ಲ ಕಂಗಾಲಾಗಿದ್ದಾಗ ಮೂಡಿಗೆರೆಯಲ್ಲಿ ಒಂದು ಸಭೆಯಾಯಿತು. ಪರಿಹಾರ ಕೊಡಿ ಎಂದು ಸರ್ಕಾರವನ್ನು ಒತ್ತಾಯಿಸುವ ಸಭೆ. ಚಪ್ಪಾಳೆ, ಘೋಷಣೆ ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ಗುರುಶಾಂತಪ್ಪನವರು ಎದ್ದು ಮೈಕು ಕೇಳಿದರು. "ಹಿಂದೆ ರೇಟು ಏರಿದಾಗ ನಮ್ಮಲ್ಲಿ ಯಾರಾದ್ರೂ ಸರ್ಕಾರದ ಹತ್ರ ಹೋಗಿ, ಸ್ವಾಮಿ, ಲಾಭ ಜಾಸ್ತಿ ಆಗಿದೆ, ನಿಮಗೂ ಒಂದು ಪಾಲು ತಗೊಳ್ಳಿ ಅಂದ್ವಾ? ಲಾಭಕ್ಕೆ ನಾವು, ನಷ್ಟಕ್ಕೆ ಸರ್ಕಾರ. ಹೀಗಾದ್ರೆ ನಾಳೆ ಅವ್ರು ಬಂದು ತೋಟದಲ್ಲಿ ಎಂತ ಬೆಳೀಬೇಕು ಅಂತ ಹೇಳ್ತಾರೆ, ಆಗ ಸುಮ್ನೆ ಕೇಳ್ಬೇಕಾಗುತ್ತೆ." ಯಾರೋ ಮೈಕಿನ ವೈರು ಕಿತ್ತರು. ಇವರು ಬರಿಬಾಯಲ್ಲೇ ಮುಂದುವರಿಸಿದರು. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಕೂತ್ಕೊಳ್ರೀ ಸಾಕು! ನಿಮ್ಮ ತೋಟದ ಮೇಲಿನ ಎರಡು ಎಕರೆ ಯಾರಪ್ಪಂದು?"

ಸಭೆ ಗೊಳ್ಳೆಂದು ನಕ್ಕಿತು. ಗುರುಶಾಂತಪ್ಪನವರು ಆಡಿಸುತ್ತಿದ್ದ ಕನ್ನಡಕವನ್ನು ಎದೆಯ ಮೇಲೆ ಇಳಿಬಿಟ್ಟು ಕೂತರು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಗುಡ್ಡಗಳಲ್ಲಿ ಬೇಲಿ ನಡೆಯುತ್ತದೆ. ಪಟ್ಟಾ ಜಮೀನಿನ ಮೇಲ್ಗಡೆ ಸರ್ಕಾರದ ಜಾಗವಿದ್ದರೆ ವರ್ಷಕ್ಕೆ ಎರಡು ಹೆಜ್ಜೆ ಹತ್ತುತ್ತದೆ, ಹಿಂದೆಯೇ ಕಾಫಿ ಗಿಡ ಹತ್ತುತ್ತದೆ. ಕಾಗದದಲ್ಲಿ ಅದಕ್ಕೆ ಒತ್ತುವರಿ ಎನ್ನುತ್ತಾರೆ. ನಾವು ಮೇಲಿನ ತಾಕು ಎನ್ನುತ್ತೇವೆ. ಗುರುಶಾಂತಪ್ಪನವರ ತಂದೆ ಎರಡು ಎಕರೆ ಹಾಗೆ ಹತ್ತಿಸಿದ್ದರು. ಪಕ್ಕದಲ್ಲಿ ನಮ್ಮಪ್ಪನೂ ಎರಡು ಎಕರೆ ಹತ್ತಿಸಿದ್ದರು. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಅಮ್ಮ ಇಬ್ಬರೇ ಗುಂಡಿ ತೋಡಿ ನೆಟ್ಟ ತೋಟ ಅದು. ನನ್ನ ಎಂಎ ಅಲ್ಲಿನ ಮೆಣಸಿನ ಬಳ್ಳಿಯಿಂದಲೇ ಆದದ್ದು. ಅದು ನಮ್ಮದಲ್ಲ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದೇ ಇಲ್ಲ.

ಸಭೆಯಾಗಿ ಹದಿನೈದು ದಿನಕ್ಕೆ ಗುರುಶಾಂತಪ್ಪನವರು ನಮ್ಮ ಮನೆಗೆ ಬಂದರು. ಜಗುಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟು, ಅಪ್ಪನ ಕಡೆ ತಿರುಗಿ, "ಮಂಜಪ್ಪ, ಹದ್ದುಬಸ್ತಿಗೆ ಅರ್ಜಿ ಹಾಕ್ತಿದೀನಿ. ಅಳೆಸಿ, ನಂದಲ್ಲದ್ದನ್ನು ಬಿಟ್ಟುಕೊಡ್ತೀನಿ" ಎಂದರು.

ಅಪ್ಪನಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮೇಲಿನ ತಾಕಿನ ಕಡೆ ತಿರುಗಿ ನೋಡಿದರು. ಗಡಿ ಅಳೆಯಲು ಸರ್ವೆಯವರು ಬಂದರೆ ಒಬ್ಬರ ಕಲ್ಲನ್ನು ಮಾತ್ರ ನೆಡಲು ಬರುವುದಿಲ್ಲ; ಪಕ್ಕದವನ ಗಡಿ ಎಲ್ಲಿ ಮುಗಿಯುತ್ತದೆಂಬುದೂ ನಕ್ಷೆಯಲ್ಲಿ ಮೂಡುತ್ತದೆ. ಅವರ ಎರಡು ಎಕರೆ ಹೊರಬಿದ್ದರೆ ನಮ್ಮ ಎರಡು ಎಕರೆಯೂ, ಅದರಾಚೆಯವರದೂ, ಇಡೀ ಇಳಿಜಾರಿನದೂ ಹೊರಬೀಳುತ್ತದೆ.

"ಬಿಡೋದಾದ್ರೆ ಸುಮ್ನೆ ಬಿಡಿ ಅಣ್ಣ. ಬೇಲಿ ಕಿತ್ತು ಕೆಳಗೆ ಹಾಕ್ಕೊಳ್ಳಿ. ಅಳೆಸೋದು ಎಂತಕ್ಕೆ?" ಎಂದರು ಅಪ್ಪ.

"ಎಲ್ಲಿ ತನಕ ನಂದು ಅಂತ ನನಗೇ ಗೊತ್ತಿಲ್ದೆ, ನಂದನ್ನ ಮುಟ್ಟಬೇಡ ಅಂತ ಸರ್ಕಾರಕ್ಕೆ ಯಾವ ಬಾಯಲ್ಲಿ ಹೇಳ್ಲಿ ಮಂಜಪ್ಪ? ಐವತ್ತು ವರ್ಷ ಹೇಳ್ಕೊಂಡು ಬಂದೆ. ಅವತ್ತು ಒಬ್ಬ ಕೇಳಿದ, ನನ್ನ ಹತ್ರ ಉತ್ತರ ಇರ್ಲಿಲ್ಲ."

ನಾನು ನಡುವೆ ಬಾಯಿ ಹಾಕಿದೆ. ಅಂಗಲಾಚಿದೆ ಎಂದರೇ ಸರಿ. ಸರ್ಕಾರ ಬಂದರೆ ಸುಮ್ಮನೆ ಹೋಗುವುದಿಲ್ಲ, ನೀವೇ ಹೇಳಿದ್ದಲ್ಲವೇ, ಕರೆದುಕೊಂಡು ಬರಬೇಡಿ ಎಂದೆ. ವರ್ಷಗಟ್ಟಲೆ ಸರ್ಕಾರದ ಪರ ವಾದಿಸಿದವಳು ನಾನು, ಅದು ನಮ್ಮ ಹೊಸಲು ತುಳಿಯಬಾರದೆಂದು ಕೈಮುಗಿಯುತ್ತಿದ್ದೆ. ಜೀವನವಿಡೀ ಅದನ್ನು ಬೈದವರು ಅರ್ಜಿ ಬರೆದು ಅದನ್ನು ಕರೆಯುತ್ತಿದ್ದರು. ಅವರು ನನ್ನನ್ನು ನೋಡಲಿಲ್ಲ. ಅಪ್ಪನನ್ನೇ ನೋಡುತ್ತಾ, "ನನ್ನಿಂದ ನಿನಗೆ ನಷ್ಟ ಆಗುತ್ತೆ, ಗೊತ್ತು. ನನ್ನ ಪಟ್ಟಾದ ಆರರಲ್ಲಿ ಎರಡು ನಿನ್ನ ಹೆಸರಿಗೆ ಬರೆದುಕೊಡ್ತೀನಿ. ಕೇಳೋಕೆ ಬಂದಿಲ್ಲ ಮಂಜಪ್ಪ, ತಿಳಿಸೋಕೆ ಬಂದೆ" ಎಂದರು.

ಅಪ್ಪ ಎದ್ದು ನಿಂತರು. "ಭಿಕ್ಷೆ ಹಾಕೋಕೆ ಬಂದ್ರಾ? ಕಾಫಿ ಕುಡಿದಾಯ್ತಲ್ಲ, ಹೊರಡಿ."

ನಮ್ಮ ಮನೆಯ ಜಗುಲಿಯಿಂದ ಯಾರನ್ನೂ ಹಾಗೆ ಎಬ್ಬಿಸಿದ್ದನ್ನು ನಾನು ಕಂಡಿರಲಿಲ್ಲ. ಗುರುಶಾಂತಪ್ಪನವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು.

ಸರ್ವೆಯವರು ಬಂದರು, ಸರಪಳಿ ಎಳೆದರು, ಕಲ್ಲು ನೆಟ್ಟರು. ಗುರುಶಾಂತಪ್ಪನವರು ಫಲ ಬಿಡುತ್ತಿದ್ದ ಎರಡು ಎಕರೆಯನ್ನು ಗಿಡ ಮರ ಸಮೇತ ಬರೆದುಕೊಟ್ಟು ಈಚೆ ಬಂದರು. ಎರಡು ತಿಂಗಳಿಗೆ ನಮಗೂ ಒತ್ತುವರಿ ತೆರವಿನ ನೋಟೀಸು, ಇಳಿಜಾರಿನ ಇನ್ನೂ ಹನ್ನೊಂದು ಮನೆಗಳಿಗೂ ನೋಟೀಸು. ಅಪ್ಪ ಅದನ್ನು ಓದಿ ಎರಡು ದಿನ ಊಟ ಬಿಟ್ಟರು.

ಆಮೇಲೆ ಊರು ಮಾಡಿದ್ದನ್ನು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಯಾರೂ ಕಲ್ಲು ಎಸೆಯಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಅವರ ಅಂಗಡಿಗೆ ಹೋಗುವುದನ್ನು ಬಿಟ್ಟರು, ಅಷ್ಟೇ. ಎದುರಂಗಡಿಯಲ್ಲಿ ಸಾಲು ನಿಂತರು. ಇವರು ತೆರೆದ ಅಂಗಡಿಯಲ್ಲಿ ತಕ್ಕಡಿ ಒರೆಸಿಕೊಂಡು ಕೂತಿರುತ್ತಿದ್ದರು. ಅಕ್ಕಿಗೆ ಹುಳ ಬಿತ್ತು, ಮಂಡಕ್ಕಿ ಮೆತ್ತಗಾಯಿತು. ಅವರ ಮಗಳು ಬಂದು ಅತ್ತಳಂತೆ. ಅವಳಿಗೆ, "ಅಳೋದೆಂತಕ್ಕೆ? ಕೊಳ್ಳೋದು ಬಿಡೋದು ಅವರಿಷ್ಟ. ಇಷ್ಟು ದಿನ ನಾನು ಹೇಳಿದ್ದೂ ಅದೇ ಅಲ್ವಾ?" ಎಂದರಂತೆ. ತನ್ನ ಕುತ್ತಿಗೆಗೆ ಬಿದ್ದ ಹಗ್ಗವೂ ನ್ಯಾಯವಾಗಿಯೇ ಇದೆ ಎನ್ನುವ ಮನುಷ್ಯನನ್ನು ಎಲ್ಲಾದರೂ ಕಂಡಿದ್ದೀರಾ?

ನಾನೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದೆ, ರಸ್ತೆಯ ಈಚೆ ಬದಿಯಲ್ಲಿ, ಮೊಬೈಲ್ ನೋಡುತ್ತಾ. ಹತ್ತು ತಿಂಗಳು.

ಆಮೇಲೆ ನಡೆದದ್ದು ಯಾರ ಎಣಿಕೆಯಲ್ಲೂ ಇರಲಿಲ್ಲ. ಒತ್ತುವರಿ ಜಾಗವನ್ನು ಸಾಗುವಳಿ ಮಾಡುತ್ತಿರುವವರಿಗೇ ಗುತ್ತಿಗೆಗೆ ಕೊಡುವುದೆಂದು ಸರ್ಕಾರವೇ ಹೇಳಿತು. ಅರ್ಜಿ ಕರೆದರು. ನೋಟೀಸು ಬಂದ ಹನ್ನೆರಡು ಮನೆಯವರೂ ಅರ್ಜಿ ಹಾಕಿದರು. ಯಾರ ಗಿಡವನ್ನೂ ಯಾರೂ ಮುಟ್ಟಲಿಲ್ಲ. ಇಡೀ ಇಳಿಜಾರಿನಲ್ಲಿ ಜಮೀನು ಹೋದದ್ದು ಒಬ್ಬರದೇ, ತಾವಾಗಿ ಬಿಟ್ಟುಕೊಟ್ಟವರದು.

ಆ ಸುದ್ದಿ ಖಾತ್ರಿಯಾದ ವಾರ ನಾನು ರಸ್ತೆ ದಾಟಿದೆ. ಇನ್ನು ನಮಗೆ ನಷ್ಟವಿಲ್ಲವಲ್ಲ, ಧೈರ್ಯ ಬಂದಿತ್ತು. ನಾಚಿಕೆಗೇಡು, ಆದರೆ ನಿಜ. ಅರ್ಧ ಕಿಲೋ ಸಕ್ಕರೆ ಕೇಳಿದೆ. ಅವರು ಇಳಿದುಹೋಗಿದ್ದರು; ಅಂಗಿ ಮೈಮೇಲೆ ಜೋಲುತ್ತಿತ್ತು. ಸಕ್ಕರೆ ತೂಗುತ್ತಾ, "ಗುತ್ತಿಗೆ ಆಯ್ತಂತಲ್ಲ. ಎಲ್ರೂ ಸರ್ಕಾರಕ್ಕೆ ಒಕ್ಕಲಾದ್ರಿ" ಎಂದು ನಕ್ಕರು.

"ನೀವೂ ಅರ್ಜಿ ಹಾಕ್ಬೋದಲ್ಲ. ಇಷ್ಟು ವರ್ಷ ಸಾಗುವಳಿ ಮಾಡಿದೀರಿ."

"ನಂದಲ್ಲ ಅಂತ ನಾನೇ ಬರೆದುಕೊಟ್ಟಿದ್ದನ್ನ, ನಂಗೆ ಕೊಡಿ ಅಂತ ಕೇಳ್ಲಾ? ಎಂಥ ಮಾತು ಆಡ್ತೀಯ."

ನಿಮಗೆ ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಸ್ವಾತಂತ್ರ್ಯ, ಹಕ್ಕು ಎಂದು ಶುರು ಮಾಡುತ್ತಾರೆ, ನಾನೂ ವಾದಿಸಿ ಹಗುರಾಗಬಹುದು ಎಂದುಕೊಂಡಿದ್ದೆ. ಅವರು ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದರು.

"ಊರು ಬರಲ್ಲ ಅಂತ ಗೊತ್ತಿತ್ತು. ನೀನು ಬರ್ತೀಯ ಅಂದ್ಕೊಂಡಿದ್ದೆ."

ಪೊಟ್ಟಣ ಕೈಗೆ ಕೊಟ್ಟರು. ಬಸ್ಸು ಬಂತು, ಹತ್ತಿದೆ. ಅವರನ್ನು ನಾನು ಮಾತಾಡಿಸಿದ್ದು ಅದೇ ಕೊನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತೋಟದ ದಾರಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು, ಅವರದೇ ಪಟ್ಟಾ ಜಮೀನಿನ ಮೇಲಂಚಿನಲ್ಲಿ, ಸರ್ವೆ ಕಲ್ಲಿಗೆ ನಾಲ್ಕು ಮಾರು ಈಚೆಗೆ. ಅಂಗಡಿಗೆ ಕಾಲಿಡದಿದ್ದವರೆಲ್ಲ ಬಂದು ಹಿಡಿ ಮಣ್ಣು ಹಾಕಲು ಸಾಲು ನಿಂತದ್ದನ್ನು ನೋಡಿ ದಂಗಾಗಿಹೋದೆ. ಎಂಥ ಪ್ರಾಮಾಣಿಕ ಮನುಷ್ಯ ಎಂದು ಒಬ್ಬರಿಗಿಂತ ಒಬ್ಬರು ಹೊಗಳಿದರು. ಅಪ್ಪನೂ ಅತ್ತರು. ಆ ಅಳು ಸುಳ್ಳೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ಜನವರಿಯ ಕೊಯ್ಲಿನಲ್ಲಿ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಮೇಲಿನ ತಾಕಿಗೆ ಕರೆದುಕೊಂಡು ಹೋದರು. ನಮ್ಮ ಗಿಡಗಳ ಸಾಲು ಮುಗಿದ ಮೇಲೂ ಅವರು ನಿಲ್ಲಲಿಲ್ಲ. ಬೇಲಿಯ ತಂತಿ ಬಗ್ಗಿಸಿ ಆಚೆ ದಾಟಿದರು. ಅಲ್ಲಿ ನಮ್ಮ ಆಳುಗಳು ಹಣ್ಣು ಕೀಳುತ್ತಿದ್ದರು. ಗುರುಶಾಂತಪ್ಪನವರು ಬಿಟ್ಟುಕೊಟ್ಟ ಎರಡು ಎಕರೆ ಅದು. ಗಿಡಗಳು ನೆಲ ಮುಟ್ಟುವಷ್ಟು ಬಾಗಿದ್ದವು.

"ಅಪ್ಪ, ಎಂತ ಇದು?"

"ಉದುರಿ ಹಾಳಾಗ್ತಿತ್ತು. ಹಕ್ಕಿ ತಿನ್ನೋದನ್ನ ನಾವು ತಿಂದ್ರೆ ತಪ್ಪೇನು?" ಎಂದರು. ಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಫಾರಂ ತೆಗೆದರು. "ಗುತ್ತಿಗೆ ಅರ್ಜಿಗೆ ಇನ್ನೂ ಟೈಮಿದೆ. ಮೊದಲಿಂದ ನಮ್ಮದೇ ಸಾಗುವಳಿ ಅಂತ ಬರೆಸಿದೀನಿ. ನನ್ನ ಹೆಸರಲ್ಲಿ ಆಗಲೇ ಒಂದು ಇದೆಯಲ್ಲ, ಇದು ನಿನ್ನ ಹೆಸರಲ್ಲಿ."

ನಾನು ಅಪ್ಪನ ಮುಖವನ್ನೇ ನೋಡಿದೆ. ಅಲ್ಲಿ ಕಳ್ಳತನದ ಕುರುಹೇ ಇರಲಿಲ್ಲ. ಮಗಳಿಗೆ ಸೀರೆ ತಂದವರ ಮುಖ ಹೇಗಿರುತ್ತದೋ ಹಾಗಿತ್ತು. "ನಿನ್ನ ಗೆಸ್ಟ್ ಕೆಲಸ ಎಷ್ಟು ದಿನ ಮಾರಾಯ್ತಿ? ನಾವು ಬಿಟ್ರೆ ಇನ್ನೊಬ್ಬ ಹಾಕ್ಕೊಳ್ತಾನೆ" ಎಂದರು.

ಫಾರಂ ಓದಿದೆ. ಸುಳ್ಳು ಎಲ್ಲಿದೆ, ಯಾವ ಸಾಲಿನಲ್ಲಿದೆ ಎಂದು ನನಗೆ ಚೆನ್ನಾಗಿ ಕಾಣುತ್ತಿತ್ತು. ಅದು ತಪ್ಪೆಂದು ಒಂದು ತಾಸು ಪಾಠ ಮಾಡಬಲ್ಲೆ. ಮಕ್ಕಳು ನೋಟ್ಸ್ ಬರೆದುಕೊಳ್ಳುವ ಹಾಗೆ ಮಾಡಬಲ್ಲೆ.

ಪೆನ್ನು ಕೇಳಿದೆ. ಹಲಸಿನ ಮರಕ್ಕೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದೆ. ಅಪ್ಪ ಫಾರಂ ಮಡಚಿ ಜೇಬಿಗಿಟ್ಟುಕೊಂಡು, ಕೆಳಗಿನ ಸಾಲು ಮೊದಲು ಮುಗಿಸಿ ಎಂದು ಆಳುಗಳಿಗೆ ಕೂಗಿದರು.